ಮೊದಲ ಮರದ ಬಿಲ್ಲು ಮುರಿಯದಂತೆ ಮಾಡುವುದು ಹೇಗೆ: ಹಲಗೆ ಆರಿಸುವುದರಿಂದ ಹೆದೆ ಏರಿಸುವವರೆಗೆ

ಮನೆಯಲ್ಲಿ ಮಾಡಿದ ಮೊದಲ ಬಿಲ್ಲು ಸಾಮಾನ್ಯವಾಗಿ ಎರಡು ಗಳಿಗೆಗಳಲ್ಲಿ ಮುರಿಯುತ್ತದೆ: ಮೊದಲ ಸಲ ಹೆದೆ ಏರಿಸಿದಾಗ, ಇಲ್ಲವೇ ‘ಒಂದು ಸಲ ಪೂರ್ತಿ ಎಳೆದೇ ನೋಡೋಣ’ ಅಂದಾಗ. ಮುರಿದ ಮೇಲೆ ಎಲ್ಲರೂ ಬೈಯುವುದು ಮರವನ್ನು. ಆದರೆ ತುಂಡುಗಳನ್ನು ಜೋಡಿಸಿ ನೋಡಿದರೆ ತಪ್ಪು ಬೇರೆ ಕಡೆ ಕಾಣುತ್ತದೆ. ಹಲಗೆಯ ಎಳೆ ಅಡ್ಡಕ್ಕೆ ಓಡಿರುತ್ತದೆ, ಇಲ್ಲವೇ ಬಾಗುತ್ತಿದ್ದ ಜಾಗವನ್ನೇ ಇನ್ನಷ್ಟು ಕೆರೆದು ಬಾಗದ ಜಾಗವನ್ನು ಹಾಗೇ ಬಿಟ್ಟಿರುತ್ತಾರೆ, ಇಲ್ಲವೇ ನಡುವಿನ ಒಂದು ಹಂತವನ್ನು ಹಾರಿಸಿರುತ್ತಾರೆ.

ಇಲ್ಲಿ ಹೇಳುವುದು ಒಂದೇ ವಿನ್ಯಾಸದ ಬಗ್ಗೆ: 68 ಇಂಚು ಉದ್ದ, 28 ಇಂಚು ಎಳೆತ (ಬಾಣ ಬಿಡಲು ಹೆದೆಯನ್ನು ಹಿಂದಕ್ಕೆ ಎಳೆಯುವ ದೂರ), ಅಷ್ಟು ಎಳೆಯಲು 40 ಪೌಂಡ್ (ಸುಮಾರು 18 ಕೆ.ಜಿ.) ಬಲ ಬೇಡುವ ಚಪ್ಪಟೆ ತೋಳಿನ ಹಲಗೆ ಬಿಲ್ಲು. ಕಲಿಯುವವರ ತಪ್ಪನ್ನು ಇದಕ್ಕಿಂತ ಹೆಚ್ಚು ಕ್ಷಮಿಸುವ ಆಕಾರ ಇಲ್ಲ. ಕೆಲಸ 15ರಿಂದ 20 ಗಂಟೆಯದು, ಹಲಗೆ ಹದಕ್ಕೆ ಬರುವ ಕಾಯುವಿಕೆ ಬೇರೆ.

ನಾಲ್ಕು ಪದ ಮೊದಲೇ ತಿಳಿದಿರಲಿ. ಗುರಿಯ ಕಡೆ ನೋಡುವ ಮೈ ಬೆನ್ನು, ನಿಮ್ಮ ಕಡೆ ನೋಡುವ ಮೈ ಹೊಟ್ಟೆ. ಹಿಡಿಯ ಮೇಲೆ ಕೆಳಗೆ ಬಾಗುವ ಭಾಗಗಳು ತೋಳುಗಳು. ದಪ್ಪ ಹಿಡಿಯಿಂದ ತೋಳಿಗೆ ಇಳಿಯುವ ಜಾಗ ಇಳಿಜಾರು. ಬಿಲ್ಲು ಬಾಗಿದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಸಿಡಿದು ಮುರಿಯುವುದು ಬೆನ್ನು, ನಜ್ಜುಗುಜ್ಜಾಗುವುದು ಹೊಟ್ಟೆ. ಆದ್ದರಿಂದಲೇ ಮರ ಕೆರೆಯುವುದೆಲ್ಲ ಹೊಟ್ಟೆಯ ಕಡೆ. ಬೆನ್ನಿಗೆ ಉಳಿ ತಾಗಿಸಬಾರದು.

## ಹಂತ 1: ಎಳೆತ ಅಳೆದು, ಬಲ ಗೊತ್ತುಮಾಡಿಕೊಳ್ಳಿ

ಎರಡೂ ಕೈ ಅಗಲಕ್ಕೆ ಚಾಚಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಇಂಚಿನಲ್ಲಿ ಅಳೆಸಿ. ಅದನ್ನು 2.5ರಿಂದ ಭಾಗಿಸಿದರೆ ನಿಮ್ಮ ಎಳೆತ ಸುಮಾರಾಗಿ ಸಿಗುತ್ತದೆ. 70 ಇಂಚು ಬಂದರೆ ಎಳೆತ 28. ನಿಮ್ಮದು 29–30 ಬಂದರೆ ಬಿಲ್ಲನ್ನು 70–72 ಇಂಚು ಮಾಡಿ. ಉದ್ದ ಹೆಚ್ಚಿದಷ್ಟೂ ಮರಕ್ಕೆ ಬೀಳುವ ಒತ್ತಡ ಕಡಿಮೆ. ‘ಪುಟ್ಟ ಬಿಲ್ಲು ಚೆಂದ’ ಎಂದು 56 ಇಂಚಿನ ಹಲಗೆಯನ್ನು 28ಕ್ಕೆ ಎಳೆಯುವುದು ಮುರಿಯಲೆಂದೇ ಮಾಡಿದಂತೆ.

ಬಲದ ವಿಷಯದಲ್ಲಿ ಹುಚ್ಚು ಬೇಡ. ಬಿಲ್ಲುಗಾರಿಕೆಯ ರುಚಿ ಹತ್ತಿದವರು ಮೊದಲ ಬಿಲ್ಲಿಗೇ 60 ಪೌಂಡ್ ಕನಸು ಕಾಣುತ್ತಾರೆ. 35–40 ಪೌಂಡ್ ಮೀರಬೇಡಿ. ದಿನಕ್ಕೆ ನೂರು ಬಾಣ ಬಿಟ್ಟರೂ ಭುಜ ನೋಯದ ಬಿಲ್ಲು ಕೈಗೆ ಬರುತ್ತದೆ, ನೋಯುವ ಬಿಲ್ಲು ಅಟ್ಟಕ್ಕೆ ಹೋಗುತ್ತದೆ.

## ಹಂತ 2: ಹಲಗೆ ಆರಿಸುವುದು

ಬಿಲ್ಲಿನ ಅರ್ಧ ಹಣೆಬರಹ ಅಂಗಡಿಯಲ್ಲೇ ತೀರ್ಮಾನವಾಗುತ್ತದೆ, ಹಾಗಾಗಿ ಇಲ್ಲಿ ಅರ್ಧ ದಿನ ಹೋದರೂ ಚಿಂತೆಯಿಲ್ಲ. ಬೇಕಾದದ್ದು 6 ಅಡಿ ಉದ್ದ, 2 ಇಂಚು ಅಗಲ, ಮುಕ್ಕಾಲು ಇಂಚು (19 ಮಿ.ಮೀ.) ದಪ್ಪದ ಒಂದೇ ತುಂಡು. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಮರ ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. 6 ಅಡಿ × 2 ಇಂಚು × 1 ಇಂಚು ತುಂಡೆಂದರೆ ಘನ ಅಡಿಯ 12ನೇ ಒಂದು ಭಾಗ ಮಾತ್ರ. ಇಷ್ಟು ಚಿಕ್ಕ ಗಿರಾಕಿಗೆ ಅಂಗಡಿಯವರು ಸೊಪ್ಪು ಹಾಕದೆ ಇರಬಹುದು. ಪೀಠೋಪಕರಣ ಮಾಡುವವರ ಹತ್ತಿರ ಉಳಿಕೆ ಪಟ್ಟಿಗಳನ್ನು ಕೇಳಿದರೆ ಆರಿಸಿಕೊಳ್ಳಲು ಬಿಡುತ್ತಾರೆ.

ಆಮದಾಗಿ ಬರುವ ಮರಗಳಲ್ಲಿ ಹಿಕರಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಆಶ್, ವೈಟ್ ಓಕ್, ಗಟ್ಟಿ ಮೇಪಲ್ ಕೂಡ ಒಳ್ಳೆಯವೇ. ನಮ್ಮ ಮರಗಳಲ್ಲಿ ಬಿಲ್ಲಿಗೆ ಹೆಸರಾದದ್ದು ತಡಸಲು. ದಡಸಲು ಅಂತಲೂ ಕರೆಯುತ್ತಾರೆ, ಹಿಂದಿಯವರು ಧಾಮನ್ ಅನ್ನುತ್ತಾರೆ. ಹದವಾಗಿ ಬಾಗಿ ತಿರುಗಿ ನಿಲ್ಲುವ ಮರ, ಆದರೆ ನೇರ ಎಳೆಯ ಹಲಗೆ ಅಂಗಡಿಯಲ್ಲಿ ಸಿಗುವುದು ಅಪರೂಪ.

ಬೆಂಗಳೂರಿನಲ್ಲಿ ಮತ್ತೆ ಮತ್ತೆ ಆಗುವ ಎಡವಟ್ಟು ಒಂದಿದೆ: ‘ಓಕ್ ಇದೆಯಾ?’ ಎಂದು ಕೇಳಿ ಸಿಲ್ವರ್ ಓಕ್ ಮನೆಗೆ ತರುವುದು. ಕಾಫಿ ತೋಟದ ನೆರಳಿಗೆ ನೆಡುವ ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಓಕ್ ಕುಲಕ್ಕೂ ಅದಕ್ಕೂ ನಂಟಿಲ್ಲ, ಬಿಲ್ಲಿಗೆ ಅದು ಬೇಡ. ಬೆರಳು ಹೆಣೆದಂತೆ ತುಂಡು ಜೋಡಿಸಿದ ರಬ್ಬರ್ ಮರದ ಹಲಗೆ, ಪ್ಲೈವುಡ್, ಎಂಡಿಎಫ್ ಯಾವುವೂ ಆಗುವುದಿಲ್ಲ. ನೀಲಗಿರಿ ಮರದಲ್ಲಿ ಎಳೆಗಳು ಸಾಮಾನ್ಯವಾಗಿ ಸುರುಳಿ ಸುತ್ತಿಕೊಂಡಿರುತ್ತವೆ, ಅದನ್ನೂ ಬಿಡಿ. ಅಂಗಡಿಯವರು ಹೇಳಿದ ಹೆಸರಿನ ಮೇಲೆ ನಂಬಿಕೆ ಬಾರದಿದ್ದರೆ, ಮಲ್ಲೇಶ್ವರ 18ನೇ ಅಡ್ಡರಸ್ತೆಯ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರ ಗುರುತಿಸಿಕೊಡುತ್ತಾರೆ. ಇನ್ನು ರಸ್ತೆ ಬದಿಯ ಮರದ ಕೊಂಬೆಗೆ ಕಣ್ಣು ಹಾಕಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವುದು ಅಪರಾಧ.

ಮರದ ಜಾತಿಗಿಂತ ಎಳೆ ಮುಖ್ಯ. ಎಳೆ ಸೊಟ್ಟಗಿರುವ ಹಿಕರಿಗಿಂತ ಎಳೆ ನೆಟ್ಟಗಿರುವ ಸಾದಾ ಆಶ್ ಮೇಲು. ಹಲಗೆಯ ಅಗಲದ ಮೈಯಲ್ಲಿ ಕಾಣುವ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಅಂಚಿನ ಜೊತೆಜೊತೆಗೇ ಓಡಬೇಕು. ನಡುವೆ ಅಂಚು ದಾಟಿ ಹೊರಬೀಳಬಾರದು. ಅಗಲದ ಮೈ ನೋಡಿ ಸುಮ್ಮನಾಗದೆ ಪಕ್ಕದ ದಪ್ಪವನ್ನೂ ನೋಡಿ. ಹೆಚ್ಚಿನವರು ಮರೆಯುವುದು ಇದನ್ನೇ. ಗೆರೆ ಕಾಣದಿದ್ದರೆ ಬಾಲ್‌ಪೆನ್ ಬಿಟ್ಟು ಇಂಕ್ ಪೆನ್ ತನ್ನಿ: ಒಂದು ಹನಿ ಶಾಯಿ ಇಟ್ಟರೆ ಅದು ಎಳೆ ಓಡುವ ದಿಕ್ಕಿಗೆ ಹರಡುತ್ತದೆ. 20 ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಹೆಚ್ಚು ವಾಲಿದರೆ ಹಲಗೆಯನ್ನು ವಾಪಸ್ ಇಡಿ. ಗಂಟು ಸಣ್ಣದಾದರೂ ಬೇಡ. ಒಂದೇ ಅಳತೆಯ ಎರಡು ಹಲಗೆಗಳಿದ್ದರೆ ತೂಕದ್ದನ್ನು ತೆಗೆದುಕೊಳ್ಳಿ.

ಅಂಗಡಿಯವರು ಒಪ್ಪಿದರೆ ಅದೇ ಹಲಗೆಯ ಕೊನೆಯಿಂದ 3 ಮಿ.ಮೀ. ದಪ್ಪದ, ಗೇಣುದ್ದದ ಸೀಳು ತೆಗೆದು ಮುರಿಯಿರಿ. ಉದ್ದುದ್ದ ಸಿಬಿರು ಎದ್ದು ಒಲ್ಲೆ ಒಲ್ಲೆ ಎನ್ನುತ್ತ ಮುರಿದರೆ ಮರ ಜೀವಂತವಾಗಿದೆ. ಮೂಲಂಗಿಯಂತೆ ಟಣ್ ಎಂದು ಅಡ್ಡಕ್ಕೆ ತುಂಡಾದರೆ ಎಷ್ಟು ಚೆಂದ ಕಂಡರೂ ಬೇಡ.

## ಹಂತ 3: ಹಲಗೆಯನ್ನು ಮನೆಯಲ್ಲಿ ಕೂರಿಸುವುದು

ತಂದ ದಿನವೇ ಗರಗಸ ಹಿಡಿಯಬೇಡಿ. ಯಂತ್ರದಲ್ಲಿ ಒಣಗಿಸಿದ ಮರವೂ ಯಾರ್ಡಿನ ತೆರೆದ ಚಪ್ಪರದಡಿ ತಿಂಗಳುಗಟ್ಟಲೆ ಕೂತು ತೇವ ಹೀರಿಕೊಂಡಿರುತ್ತದೆ. ತೇವದ ಮರ ಮುರಿಯುವುದಿಲ್ಲ, ಆದರೆ ಬಾಗಿದ ಹಾಗೇ ಉಳಿದುಬಿಡುತ್ತದೆ. ಬಿಲ್ಲಿನ ಬಲವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಮನೆಯೊಳಗೆ ಎತ್ತರದ ಕಪಾಟಿನ ಮೇಲೆ ಸಮತಟ್ಟಾಗಿ ಇಡಿ. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಲಗೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೂರು ವಾರ ಸತತ ತೂಕ 5 ಗ್ರಾಂಗಿಂತ ಹೆಚ್ಚು ಬದಲಾಗದಿದ್ದರೆ ಹಲಗೆ ಮನೆಯ ಹವೆಗೆ ಹೊಂದಿಕೊಂಡಿದೆ. ತೇವಮಾಪಕ ಇದ್ದರೆ ಶೇ. 8–11 ಸರಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಗಾಳಿಯೇ ಕೆಲಸ ಮುಗಿಸುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಾಳ್ಮೆ ಬೇಕು. ಬೇಗ ಒಣಗಲಿ ಎಂದು ತಾರಸಿಯ ಬಿಸಿಲಿಗೆ ಇಟ್ಟರೆ ತುದಿಗಳಲ್ಲಿ ಸೀಳು ಬೀಳುತ್ತದೆ.

## ಸಲಕರಣೆ: ಇಷ್ಟಿದ್ದರೆ ಸಾಕು

ಸಣ್ಣ ಹಲ್ಲಿನ ಕೈಗರಗಸ, ಮರಗೆಲಸದ ಒರಟು ಅರ, ಒಂದು ಸಣ್ಣ ಹತ್ತರಿ, ಉಕ್ಕಿನ ಚಪ್ಪಟೆ ಸ್ಕ್ರೇಪರ್, 4 ಮಿ.ಮೀ. ದಪ್ಪದ ಉರುಟು ಅರ, ನಾಲ್ಕು ಕ್ಲ್ಯಾಂಪ್, 80, 120, 220 ನಂಬರಿನ ಉಪ್ಪುಕಾಗದ, ಲಗೇಜ್ ತೂಗುವ ಕೊಕ್ಕೆ ತಕ್ಕಡಿ, ಒಂದು ಸಣ್ಣ ರಾಟೆ, 5 ಮೀಟರ್ ಹಗ್ಗ. ಎಲ್ಲವೂ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದೇ ಸುತ್ತಿಗೆ ಸಿಗುತ್ತವೆ. ಧೂಳಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ.

ಬೆಲ್ಟ್ ಸ್ಯಾಂಡರ್ ಇದ್ದರೂ ಪಕ್ಕಕ್ಕಿಡಿ. ಹತ್ತು ಸೆಕೆಂಡಿನಲ್ಲಿ ಅದು ತೆಗೆಯುವ ಮರವನ್ನು ಯಾವ ಅಂಟೂ ವಾಪಸ್ ತರುವುದಿಲ್ಲ. ಮೇಲಾಗಿ ಅಪಾರ್ಟ್‌ಮೆಂಟಿನಲ್ಲಿ ಯಂತ್ರದ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ, ಸ್ಕ್ರೇಪರ್ ಸದ್ದಿಗೆ ಯಾರೂ ತಟ್ಟುವುದಿಲ್ಲ.

## ಹಂತ 4: ಗುರುತು ಹಾಕಿ ಕತ್ತರಿಸುವುದು

ಎರಡು ಅಗಲದ ಮೈಗಳಲ್ಲಿ ಗೆರೆ ಚೊಕ್ಕವಾಗಿರುವುದನ್ನು ಬೆನ್ನು ಎಂದು ಆರಿಸಿ, ಅದರ ಮೇಲೆ ‘ಬೆನ್ನು’ ಎಂದು ಬರೆಯಿರಿ. ಹಲಗೆಯನ್ನು 68 ಇಂಚಿಗೆ ಕತ್ತರಿಸಿ, ಎರಡೂ ತುದಿಯ ನಡುಬಿಂದುಗಳ ನಡುವೆ ದಾರ ಬಿಗಿದು ನಡುಗೆರೆ ಎಳೆಯಿರಿ. ಹಲಗೆಯ ಅಂಚನ್ನು ನಂಬಿ ಗೆರೆ ಹಾಕಬೇಡಿ, ಅಂಚೇ ಸೊಟ್ಟಗಿರುತ್ತದೆ.

ಮಧ್ಯದ 4 ಇಂಚು ಹಿಡಿ, ಅದರ ಎರಡೂ ಕಡೆ 2 ಇಂಚು ಇಳಿಜಾರು. ಉಳಿದ 30 ಇಂಚು ಒಂದೊಂದು ತೋಳು. ತೋಳಿನ ಮೊದಲ 15 ಇಂಚು ಒಂದೇ ಸಮ 45 ಮಿ.ಮೀ. ಅಗಲ. ಅಲ್ಲಿಂದ ತುದಿಗೆ ನೇರ ಗೆರೆಯಲ್ಲಿ ಕಿರಿದಾಗಲಿ. ಕೊನೆಗೆ ತುದಿ 12 ಮಿ.ಮೀ. ಆಗಬೇಕು, ಆದರೆ ಈಗ 20 ಮಿ.ಮೀ. ಬಿಡಿ. ಹೆದೆ ಒಂದು ಪಕ್ಕಕ್ಕೆ ವಾಲಿದರೆ ಸರಿಮಾಡಲು ಈ ಹೆಚ್ಚುವರಿಯೇ ಆಧಾರ.

ದಪ್ಪದ ಲೆಕ್ಕ ಹೀಗಿರಲಿ: ಇಳಿಜಾರು ಮುಗಿಯುವಲ್ಲಿ ಪೂರ್ತಿ 19 ಮಿ.ಮೀ., ಅಲ್ಲಿಂದ 2 ಇಂಚು ಮುಂದೆ 16, ತುದಿಯಲ್ಲಿ 12. ಪಕ್ಕದ ಮೈಯಲ್ಲಿ ಗೆರೆ ಎಳೆದು, ಹೊಟ್ಟೆಯ ಕಡೆಯಿಂದ ಮಾತ್ರ ಹತ್ತರಿ ಹೊಡೆಯಿರಿ. ಗೆರೆಗಿಂತ ಅರ್ಧ ನೂಲು ಹೊರಗೇ ನಿಲ್ಲಿಸಿ. ಬಡಗಿಗಳ ಲೆಕ್ಕದ ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ.

## ಹಂತ 5: ಹಿಡಿ ಅಂಟಿಸಿ, ಬೆನ್ನಿಗೆ ಬಟ್ಟೆ ಹೊದಿಸುವುದು

ಅಂಥದೇ ಮರದ 8 ಇಂಚಿನ ಬೇರೆ ತುಂಡನ್ನು ಹೊಟ್ಟೆಯ ಕಡೆ ಹಿಡಿಯ ಮೇಲೆ ಅಂಟಿಸಿ. ಅಂಟುವ ಎರಡೂ ಮೈಗಳನ್ನು 80ರ ಉಪ್ಪುಕಾಗದದಿಂದ ಒರಟು ಮಾಡಿ ಧೂಳು ಒರೆಸಿ. ಮರಗೆಲಸದ ಫೆವಿಕಾಲ್ ಸಾಕು, ನೀರು ತಡೆಯುವ ನಮೂನೆಯಾದರೆ ಇನ್ನೂ ಒಳ್ಳೆಯದು. ಕ್ಲ್ಯಾಂಪ್ ಹಾಕಿ 24 ಗಂಟೆ ಮುಟ್ಟಬೇಡಿ. ನಂತರ ತುಂಡಿನ ಎರಡೂ ಕೊನೆಗಳನ್ನು 2 ಇಂಚು ಉದ್ದಕ್ಕೆ ಬಾಗು ಇಳಿಜಾರಾಗಿ ಕೊರೆದು ಸೊನ್ನೆಗೆ ತನ್ನಿ. ಈ ತುಂಡು ‘ಟಪ್’ ಎಂದು ಕಳಚಿದರೆ ಅಂಟನ್ನು ದೂರಬೇಡಿ. ಇಳಿಜಾರಿನ ಕೆಳಗಿನ ಮರ ಬಾಗುತ್ತಿದೆ ಎಂದೇ ಅರ್ಥ, ಅಲ್ಲಿ ದಪ್ಪ ಕಡಿಮೆಯಾಗಿದೆ.

ಆಮೇಲೆ ಬೆನ್ನಿನ ಎರಡೂ ಅಂಚುಗಳನ್ನು 3 ಮಿ.ಮೀ.ನಷ್ಟು ಉರುಟಾಗಿಸಿ. ಚೂಪಾದ ಅಂಚಿನಲ್ಲೇ ಮೊದಲ ಸಿಬಿರು ಏಳುವುದು.

ಬೆನ್ನಿಗೆ ಬಟ್ಟೆ ಎಂದರೆ ವಿಮೆ. ತೊಳೆದು ಗಂಜಿ ತೆಗೆದ ಬಿಗಿ ನೇಯ್ಗೆಯ ಹತ್ತಿ ಅಥವಾ ನಾರಗಸೆ (ಲಿನನ್) ಬಟ್ಟೆ ಸಾಕು. ಬೆನ್ನಿಗೆ ಫೆವಿಕಾಲ್ ಹಚ್ಚಿ, ಬಟ್ಟೆಯನ್ನು ಅದ್ದಿ ಹಿಂಡಿ, ನಡುವಿನಿಂದ ತುದಿಗೆ ಬೆರಳಲ್ಲಿ ಒತ್ತುತ್ತ ಗುಳ್ಳೆ ಬಿಡಿಸಿ. ಎರಡು ದಿನ ನೆರಳಲ್ಲಿ ಒಣಗಲಿ. ಎಳೆ ಕೆಟ್ಟ ಹಲಗೆಯನ್ನು ಬಟ್ಟೆ ಬದುಕಿಸುವುದಿಲ್ಲ. ಸಣ್ಣ ಸಿಬಿರು ಏಳದಂತೆ ಅದುಮಿ ಹಿಡಿಯುತ್ತದೆ, ಮುರಿದಾಗ ತುಂಡು ಮುಖಕ್ಕೆ ಹಾರದಂತೆ ತಡೆಯುತ್ತದೆ. ಅಷ್ಟೇ ಸಾಕು.

## ಹಂತ 6: ನೆಲಕ್ಕೆ ಒತ್ತಿ ಬಾಗಿಸುವುದು

ಹೆದೆ ಕಟ್ಟುವ ಮೊದಲೇ ತೋಳುಗಳು ಬಾಗಬೇಕು. ಒಂದು ತುದಿಯನ್ನು ಹಳೆಯ ಚಪ್ಪಲಿಯ ಮೇಲೆ ಊರಿ, ಬೆನ್ನು ಕೆಳಗೆ ನೋಡುವಂತೆ ಓರೆಯಾಗಿ ಹಿಡಿದು, ಹಿಡಿಯನ್ನು ನೆಲದ ಕಡೆಗೆ ಒತ್ತಿ ಪಕ್ಕದಿಂದ ನೋಡಿ. ತೋಳು ಪೂರ್ತಿ ಒಂದೇ ಕಮಾನಿನಲ್ಲಿ ಬಾಗುತ್ತಿದೆಯೋ, ಒಂದೇ ಕಡೆ ಮಡಿಯುತ್ತಿದೆಯೋ? ಇನ್ನೊಂದು ತೋಳನ್ನೂ ನೋಡಿ. ಬಾಗದ ಜಾಗಕ್ಕೆ ಪೆನ್ಸಿಲ್ ಗೀಚಿ, ಅಲ್ಲಿ ಮಾತ್ರ ಅರ ಹಾಕಿ. ಮೈಭಾರ ಅರ್ಧ ಬಿಟ್ಟಾಗ ತೋಳು ಮೂರು ನಾಲ್ಕು ಇಂಚು ಸಲೀಸಾಗಿ ಬಾಗಬೇಕು, ಎರಡೂ ತೋಳು ಕೈಗೆ ಒಂದೇ ಗಟ್ಟಿ ಅನ್ನಿಸಬೇಕು. ಅಲ್ಲಿಯವರೆಗೆ ಹೆದೆಯ ಯೋಚನೆ ಬೇಡ. ಈ ಹಂತ ಹಾರಿಸಿ, ಇನ್ನೂ ದೊಣ್ಣೆಯಂತಿರುವ ಮರಕ್ಕೆ ಹೆದೆ ಏರಿಸಲು ಹೋದಾಗಲೇ ಮೊದಲ ದುರಂತ.

## ಹಂತ 7: ಖಾಚು ಮತ್ತು ಹೆದೆ

ತುದಿಯಿಂದ ಮುಕ್ಕಾಲು ಇಂಚು ಕೆಳಗೆ ಎರಡೂ ಪಕ್ಕದಲ್ಲಿ ಉರುಟು ಅರದಿಂದ ಹೆದೆ ಕೂರುವ ಓರೆ ಖಾಚು (ಕಚ್ಚು) ಕೊರೆಯಿರಿ. ಅದು ಹಿಡಿಯ ಕಡೆಗೆ, ಹೊಟ್ಟೆಯತ್ತ 45 ಡಿಗ್ರಿ ಇಳಿಯಲಿ. ಅರ ಬೆನ್ನಿನ ಮೇಲೆ ಅಡ್ಡ ಹಾಯಬಾರದು. ಬೆನ್ನಿಗೆ ಬಿದ್ದ ಒಂದು ಅಡ್ಡ ಗೀರು ತುದಿ ಹಾರಿಹೋಗಲು ಸಾಕು.

ಹೆದೆಗೆ ಬಿಲ್ಲುಗಾರಿಕೆಯ ಡೇಕ್ರಾನ್ ಬಿ-50 ನೂಲು 14 ಎಳೆ. ಏಳೇಳರ ಎರಡು ಕಟ್ಟು ಮಾಡಿ, ಜೇನುಮೇಣ ತಿಕ್ಕಿ, ಪ್ರತಿ ಕಟ್ಟನ್ನು ಹೊರಕ್ಕೆ ಹೊಸೆದು ಒಂದರ ಮೇಲೊಂದು ಒಳಕ್ಕೆ ಹಾಯಿಸಿ ಹಗ್ಗದಂತೆ ಹುರಿ ಮಾಡಿ. ಒಂದು ತುದಿಗೆ ಹೆಣೆದ ಕುಣಿಕೆ ಇರಲಿ. ಇನ್ನೊಂದು ತುದಿಯನ್ನು ಖಾಲಿ ಬಿಟ್ಟು, ದಾರವನ್ನು ತುದಿಗೆ ಸುತ್ತಿ ತನ್ನ ಮೇಲೇ ಮೂರು ನಾಲ್ಕು ಸಲ ಹೊಸೆದು ಬಿಗಿಯುವ ಗಂಟಿನಿಂದ ಕಟ್ಟಿ. ಇದರಿಂದ ಒಂದೇ ಹೆದೆಯನ್ನು ಉದ್ದವೂ ಗಿಡ್ಡವೂ ಮಾಡಿಕೊಳ್ಳಬಹುದು, ಆದ್ದರಿಂದ ಮೊದಲು ಉದ್ದವಾಗಿಯೇ ಮಾಡಿ. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗುತ್ತದೆ, ಬೇಡ. ಹಿಗ್ಗದ ಹೊಸ ನಮೂನೆಯ ಹೆದೆಗಳು ಬರಿ ಮರದ ತುದಿಯನ್ನು ಕೊಯ್ಯುತ್ತವೆ, ಅವೂ ಬೇಡ.

## ಹಂತ 8: ಬಾಗು ಕೂಡಿಸುವುದು

ಎರಡೂ ತೋಳುಗಳು ಸಮವಾಗಿ ಬಾಗುವಂತೆ ಎಳೆದು ನೋಡುತ್ತ, ಕೆರೆಯುತ್ತ ಹೋಗುವುದು. ಟಿಲ್ಲರಿಂಗ್ ಎಂದು ಕರೆಯುವುದು ಇದನ್ನೇ. ಉಳಿದೆಲ್ಲ ಹಂತ ಬಡಗಿ ಕೆಲಸ, ಬಿಲ್ಲಿನ ಕೆಲಸ ಅಂದರೆ ಇದು. ಹೆಚ್ಚು ಹೊತ್ತು ಇಲ್ಲೇ ಕಳೆಯಬೇಕು.

ಮೊದಲು ಎಳೆದು ನೋಡಲು ಒಂದು ಕಂಬ ಬೇಕು. ಆರಡಿ ಹಲಗೆಯ ಮೇಲುತುದಿಯಲ್ಲಿ ಬಿಲ್ಲಿನ ಹಿಡಿ ಕೂರುವ ಖಾಚು, ಬುಡದಲ್ಲಿ ರಾಟೆ. ಹೆದೆಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಅದರ ಹಗ್ಗವನ್ನು ರಾಟೆಯ ಮೂಲಕ ಹಾಯಿಸಿದರೆ ಎಂಟು ಅಡಿ ದೂರ ನಿಂತು ಎಳೆದು ನೋಡಬಹುದು. ಬಾಡಿಗೆ ಮನೆಯಲ್ಲಿ ಗೋಡೆಗೆ ತೂತು ಹೊಡೆಯುವಂತಿಲ್ಲದಿದ್ದರೆ ಹಲಗೆಯನ್ನು ಬಾಲ್ಕನಿಯ ಕಂಬಿಗೆ ಬಿಗಿಯಾಗಿ ಕಟ್ಟಿ. ಹಿಂದೆ ಟೈಲ್ಸ್ ಗೋಡೆ ಇದ್ದರೆ ಅದೃಷ್ಟ: ಟೈಲ್ಸ್ ಗೆರೆಗಳೇ ಅಳತೆಪಟ್ಟಿ. ಒಂದೇ ಜಾಗದಿಂದ ಫೋನಿನಲ್ಲಿ ಫೋಟೊ ತೆಗೆದು ಎರಡು ತೋಳುಗಳನ್ನೂ ಹೋಲಿಸಿ. ಕಣ್ಣು ಮೋಸ ಮಾಡುತ್ತದೆ, ಫೋಟೊ ಮಾಡುವುದಿಲ್ಲ.

ಎರಡು ನಿಯಮಗಳನ್ನು ಗೋಡೆಗೆ ಅಂಟಿಸಿಕೊಳ್ಳಿ. ಒಂದು: ಯಾವ ಹಂತದಲ್ಲೂ 40 ಪೌಂಡ್ ಮೀರಿ ಎಳೆಯಬಾರದು. ತಕ್ಕಡಿ 18 ಕೆ.ಜಿ. ತೋರಿಸಿದೊಡನೆ ನಿಲ್ಲಿಸಿ, ಎಳೆತ 10 ಇಂಚೇ ಆಗಿರಲಿ. ಎರಡು: ಬಾಗು ತಪ್ಪು ಕಂಡ ಕ್ಷಣವೇ ನಿಲ್ಲಿಸಿ, ಸರಿಮಾಡಿ, ಆಮೇಲೆ ಮುಂದೆ ಎಳೆಯಿರಿ. ‘ಇನ್ನೊಂದು ಇಂಚು ಎಳೆದರೆ ಚೆನ್ನಾಗಿ ಕಾಣುತ್ತೆ’ ಎಂದು ಎಳೆದಾಗಲೇ ದುರ್ಬಲ ಜಾಗ ಶಾಶ್ವತವಾಗಿ ಕುಸಿಯುವುದು.

ಉದ್ದ ಹೆದೆ. ಬಿಲ್ಲು ಬಾಗಿಸದೆಯೇ ಹಾಕಲು ಬರುವಷ್ಟು ಮಾತ್ರ ಸಡಿಲ ಇರಲಿ. ಜೋತು ಬಿದ್ದಷ್ಟೂ ತೋಳಿನ ನಿಜವಾದ ಬಾಗು ಕಾಣುವುದಿಲ್ಲ. ತುದಿಗಳು ಎರಡು ಇಂಚು ಇಳಿಯುವಷ್ಟು ಎಳೆದು ಬಿಡಿ, 30 ಸಲ. ಮರ ತಾನು ಕಳೆದುಕೊಂಡದ್ದನ್ನು ಒಪ್ಪಿಕೊಳ್ಳಲು ಇಷ್ಟು ಬೇಕು, ಈಗ ಕೆರೆದದ್ದು ಈಗಲೇ ಬಾಗಿನಲ್ಲಿ ಕಾಣುವುದಿಲ್ಲ. ಅವಸರದವರು ಎರಡೇ ಸಲ ಎಳೆದು, ಬದಲಾವಣೆ ಕಾಣಲಿಲ್ಲವೆಂದು ಮತ್ತೆ ಕೆರೆದು, ಮೂರನೇ ಸುತ್ತಿಗೆ ತೋಳು ಕೈಬಿಡುತ್ತಾರೆ.

ಗಟ್ಟಿ ಜಾಗ ಹುಡುಕಲು ಸುಲಭದ ಉಪಾಯವಿದೆ. 6 ಇಂಚಿನ ನೇರ ಮರದ ತುಂಡಿನ ನಡುವೆ ತೂತು ಕೊರೆದು ಪೆನ್ಸಿಲ್ ತೂರಿಸಿ. ಬಿಲ್ಲನ್ನು ಸ್ವಲ್ಪ ಎಳೆದು ಕಟ್ಟಿ, ತುಂಡನ್ನು ಹೊಟ್ಟೆಯ ಮೇಲಿಟ್ಟು, ಬಾಗು ಅತಿ ಹೆಚ್ಚಿರುವಲ್ಲಿ ಪೆನ್ಸಿಲ್ ಮರಕ್ಕೆ ತಾಗುವುದಕ್ಕೆ ಕೂದಲೆಳೆ ಬಾಕಿ ಇರುವಂತೆ ಹೊಂದಿಸಿ. ಆಮೇಲೆ ತೋಳಿನುದ್ದ ಜಾರಿಸಿ. ಪೆನ್ಸಿಲ್ ಗೀಚಿದ ಜಾಗವೆಲ್ಲ ನೆಟ್ಟಗಿದೆ, ಬಾಗುತ್ತಿಲ್ಲ. ಬಿಲ್ಲನ್ನು ಇಳಿಸಿ, ಅಲ್ಲಿ ಮಾತ್ರ 15–20 ಸಲ ಸ್ಕ್ರೇಪರ್ ಎಳೆಯಿರಿ. ಗೀಚದ ಜಾಗ ಮುಟ್ಟಬೇಡಿ. ಮತ್ತೆ 30 ಸಲ ಎಳೆತ, ಮತ್ತೆ ಪೆನ್ಸಿಲ್.

ಎಂಥ ಬಾಗು ಬೇಕು? ಈ ವಿನ್ಯಾಸದಲ್ಲಿ ಇಳಿಜಾರಿನ ಹತ್ತಿರ ಸ್ವಲ್ಪ, ತೋಳಿನ ನಡುವೆ ಹೆಚ್ಚು, ಕೊನೆಯ ಆರು ಇಂಚು ಬಹುತೇಕ ನೆಟ್ಟಗೆ. ಒಂದೇ ಜಾಗದಲ್ಲಿ ಮೊಣಕಾಲಿನಂತೆ ಮಡಿದರೆ ಅದು ಮಡಿಕೆ. ಮಡಿಕೆಗೆ ಮದ್ದು ಮಡಿಕೆಯಲ್ಲಿಲ್ಲ, ಅದರ ಎರಡೂ ಬದಿಯ ಗಟ್ಟಿ ಮರದಲ್ಲಿದೆ. ಅಲ್ಲಿ ಕೆರೆದು ಬಾಗನ್ನು ಹಂಚಿ. ಬಲ ನಾಲ್ಕೈದು ಪೌಂಡ್ ಇಳಿಯಬಹುದು, ಇಳಿಯಲಿ.

ಗಿಡ್ಡ ಹೆದೆ. ತುದಿಗಳು ಎರಡೂ ಕಡೆ ಸಮವಾಗಿ ಆರೇಳು ಇಂಚು ಇಳಿಯತೊಡಗಿದ ಮೇಲೆ ಹೆದೆ ಗಿಡ್ಡ ಮಾಡಿ, ಹಿಡಿಯಿಂದ 3 ಇಂಚು ಎತ್ತರಕ್ಕೆ ಏರಿಸಿ. ಹೆದೆ ಹಿಡಿಯ ನಡುವೆ ಹಾಯುತ್ತಿದೆಯೇ ನೋಡಿ. ಪಕ್ಕಕ್ಕೆ ವಾಲಿದ್ದರೆ ಅದು ವಾಲಿದ ಕಡೆ ತೋಳು ದುರ್ಬಲ. ಹೆದೆ ಯಾವ ಕಡೆಗೆ ಸರಿಯಬೇಕೋ ತೋಳಿನ ಆ ಬದಿಯ ಮರ ತೆಗೆಯಿರಿ. ತುದಿಯಲ್ಲಿ ಬಿಟ್ಟ ಹೆಚ್ಚುವರಿ ಅಗಲವೂ ಈಗ ಉಪಯೋಗಕ್ಕೆ ಬರುತ್ತದೆ, ಆದರೆ ಅದನ್ನು ಹೆದೆ ವಾಲಿದ ಕಡೆಯಿಂದಲೇ ತೆಗೆಯಬೇಕು. ಬಾಗು ಸರಿಯೆನಿಸಿದ ಮೇಲೆ ಹೆದೆಯ ಎತ್ತರ 6 ಇಂಚಿಗೆ ತನ್ನಿ.

ಇಲ್ಲಿಂದ ಲೆಕ್ಕ ಸರಳ. ತಕ್ಕಡಿ 40 ಪೌಂಡ್ ತೋರಿಸುವವರೆಗೆ ಎಳೆದು, ಎಷ್ಟು ಇಂಚು ಬಂತೆಂದು ಬರೆಯಿರಿ. ಹಿಡಿಯ ಬೆನ್ನಿನಿಂದ ಹೆದೆಯವರೆಗೆ ಅಳೆಯಬೇಕು. 20 ಇಂಚಿಗೇ 40 ಬಂದರೆ ಎರಡೂ ತೋಳಿನುದ್ದಕ್ಕೂ ಸಮವಾಗಿ ಇಷ್ಟಿಷ್ಟೇ ಕೆರೆಯಿರಿ, 30 ಸಲ ಎಳೆಯಿರಿ, ಮತ್ತೆ ತೂಗಿ. 21, 22, 23... ಹೀಗೆ ಒಂದೊಂದೇ ಇಂಚು. 24ರ ನಂತರ ಅರ ಬಿಟ್ಟು ಸ್ಕ್ರೇಪರ್ ಮಾತ್ರ. 27 ಇಂಚಿಗೆ 40 ಪೌಂಡ್ ಬಂದಾಗ ನಿಲ್ಲಿಸಿ. ಉಪ್ಪುಕಾಗದ ಮತ್ತು ಪಳಗಿಸುವಿಕೆ ಸೇರಿ ಉಳಿದದ್ದನ್ನು ಇಳಿಸುತ್ತವೆ.

ಕೆಳತೋಳು ಸ್ವಲ್ಪ ಗಟ್ಟಿ ಇರಬೇಕು. ಇಳಿಜಾರು ಮುಗಿಯುವ ಜಾಗದಿಂದ ಹೆದೆಗೆ ಇರುವ ದೂರ ಮೇಲ್ತೋಳಿನಲ್ಲಿ 3–5 ಮಿ.ಮೀ. ಹೆಚ್ಚಿರಲಿ. ತಿರುಗುಮುರುಗಾಗಿದ್ದರೆ ಕೆರೆಯಲು ಹೋಗದೆ ಬಿಲ್ಲನ್ನೇ ತಲೆಕೆಳಗು ಮಾಡಿ ಹಿಡಿಯಿರಿ.

## ಹಂತ 9: ಪಳಗಿಸಿ, ಲೇಪ ಕೊಡುವುದು

ಲೇಪಕ್ಕೆ ಮೊದಲು ನೂರು ಬಾಣ ಬಿಡಿ. ಮೊದಲ 30 ಬಾಣ 22 ಇಂಚಿಗೆ, ಮುಂದಿನ 30 ಬಾಣ 25ಕ್ಕೆ, ಕೊನೆಯವು ಪೂರ್ತಿ ಎಳೆತಕ್ಕೆ. ಆಮೇಲೆ ಮತ್ತೆ ಕಂಬಕ್ಕೇರಿಸಿ ನೋಡಿ, ಬಾಗು ಸ್ವಲ್ಪ ಬದಲಾಗಿಯೇ ಇರುತ್ತದೆ. ಅದನ್ನು ಸರಿಪಡಿಸಿ, ತುದಿ ಸಪೂರ ಮಾಡಿ, 220ರವರೆಗೆ ಉಜ್ಜಿ.

ಬೆಂಗಳೂರಿನ ಮಳೆಗಾಲಕ್ಕೆ ಪಾಲಿಯುರೆಥೇನ್ ಮೂರು ತೆಳು ಕೋಟ್ ಉತ್ತಮ. ಅಗಸೆಎಣ್ಣೆ ನೋಡಲು ಚೆಂದ, ಆದರೆ ತೇವವನ್ನು ಅಷ್ಟಾಗಿ ತಡೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.

## ಅಪಾಯದ ಸೂಚನೆಗಳು

‘ಟಿಕ್’ ಎಂಬ ಸಣ್ಣ ಸದ್ದು ಕೇಳಿದರೆ ಮೆಲ್ಲಗೆ ಇಳಿಸಿ, ಹೆದೆ ಬಿಚ್ಚಿ, ಬೆನ್ನಿನ ಮೇಲೆ ಹತ್ತಿ ಉಂಡೆ ಸವರಿ. ಹತ್ತಿ ಸಿಕ್ಕಿಕೊಂಡ ಜಾಗದಲ್ಲಿ ಸಿಬಿರು ಎದ್ದಿದೆ. ಚಿಕ್ಕದಾದರೆ ತೆಳುವಾದ ಫೆವಿಕ್ವಿಕ್ ಇಳಿಸಿ, ಒತ್ತಿ ಹಿಡಿದು, ಒಣಗಿದ ಮೇಲೆ ದಾರ ಒತ್ತೊತ್ತಾಗಿ ಸುತ್ತಿ ಅಂಟು ಹಚ್ಚಿ. ಒಂದು ಇಂಚಿಗಿಂತ ಉದ್ದವಾದರೆ ಆ ಬಿಲ್ಲಿನ ಆಸೆ ಬಿಡಿ.

ಹೊಟ್ಟೆಯ ಮೇಲೆ ಅಡ್ಡಡ್ಡ ಸಣ್ಣ ನೆರಿಗೆಗಳು ಕಂಡರೆ ಅಲ್ಲಿ ಮರ ನಜ್ಜಾಗಿದೆ. ಉಜ್ಜಿದರೆ ಹೋಗುವುದಿಲ್ಲ, ಉಜ್ಜಿದಷ್ಟೂ ಹೆಚ್ಚುತ್ತವೆ. ಸುತ್ತಲಿನ ಮರ ತೆಳು ಮಾಡಿ ಬಲವನ್ನು 30 ಪೌಂಡಿಗೆ ಇಳಿಸಿದರೆ ಮನೆಯ ಮಕ್ಕಳಿಗೆ ಒಂದು ಬಿಲ್ಲಾಗಬಹುದು.

ಹೆದೆ ಬಿಚ್ಚಿದ ಮೇಲೂ ತುದಿಗಳು ಹೊಟ್ಟೆಯ ಕಡೆ ಬಾಗಿಯೇ ಉಳಿದಿದ್ದರೆ ಅಳೆಯಿರಿ. ಒಂದೂವರೆ ಇಂಚಿನವರೆಗೆ ಸಹಜ. ಎರಡು ದಾಟಿದರೆ ಹಲಗೆ ಹಸಿ ಇತ್ತು ಅಥವಾ ಬಾಗು ಒಂದೇ ಕಡೆ ಬಿದ್ದಿದೆ.

## ಬಿದಿರಿನಲ್ಲಿ ಮಾಡುವವರಿಗೆ

ಕಂಟೋನ್ಮೆಂಟ್ ಬಳಿಯ ಬಂಬೂ ಬಜಾರಿನಂಥ ಕಡೆ ಆರಿಸುವುದಾದರೆ ಮೂರು ವರ್ಷ ಮೀರಿದ, ಗೋಡೆ ದಪ್ಪವಿರುವ ಬೊಂಬು ಕೇಳಿ. ಬಡಿದರೆ ಗಟ್ಟಿ ನಾದ ಬರಬೇಕು. ಹಳದಿ ಪುಡಿ ಉದುರುತ್ತಿದ್ದರೆ ಒಳಗೆ ಕೊರೆಹುಳು ಇದೆ. ಹೊರಸಿಪ್ಪೆಯೇ ಬೆನ್ನು. ಅದನ್ನು ಗೀರಬಾರದು, ಗಿಣ್ಣುಗಳನ್ನು ಬೆನ್ನಿನಲ್ಲಿ ಚಪ್ಪಟೆ ಮಾಡಬಾರದು. ಕೆರೆಯುವುದೆಲ್ಲ ಒಳಮೈಯಲ್ಲಿ. ಬಾಗು ಕೂಡಿಸುವ ಕ್ರಮ ಮೇಲೆ ಹೇಳಿದ್ದೇ.

## ಬಾಣ, ಜಾಗ, ಜೋಪಾನ

ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ, ಯಾರಿಗೂ ಬಿಡಲು ಕೊಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಮರಕ್ಕೇ ವಾಪಸ್ ಬಡಿಯುತ್ತದೆ. ಅತಿ ಹಗುರ ಬಾಣವೂ ಹೆಚ್ಚುಕಡಿಮೆ ಅದೇ. 40 ಪೌಂಡ್ ಬಿಲ್ಲಿಗೆ ಕನಿಷ್ಠ 26 ಗ್ರಾಂ ತೂಕದ ಬಾಣ ಇರಲಿ. ಹೆದೆಯ ಮೇಲೆ ಬಾಣ ಕೂರುವ ಜಾಗವನ್ನು, ಹಿಡಿಯ ಹತ್ತಿರ ಬಾಣ ಒರಗುವಲ್ಲಿಂದ ಹೆದೆಗೆ ಲಂಬವಾಗಿ ಎಳೆದ ಗೆರೆಗಿಂತ 10–12 ಮಿ.ಮೀ. ಮೇಲೆ ದಾರ ಸುತ್ತಿ ಗುರುತಿಸಿ.

40 ಪೌಂಡ್ ಬಿಲ್ಲಿನ ಬಾಣ 150 ಮೀಟರ್‌ಗೂ ಮೀರಿ ಹಾರಬಲ್ಲದು, ಆದ್ದರಿಂದ ತಾರಸಿ, ಪಾರ್ಕು, ಖಾಲಿ ಸೈಟು ಯಾವುದೂ ಅಭ್ಯಾಸದ ಜಾಗವಲ್ಲ. ಹಿಂದೆ ಮಣ್ಣದಿಬ್ಬ ಅಥವಾ ಗಟ್ಟಿ ತಡೆ ಇರುವ, ಜನ ದನ ಸುಳಿಯದ ಜಾಗವೇ ಬೇಕು. ಗುರಿಗೆ ಹಳೆ ಬಟ್ಟೆ ಬಿಗಿಯಾಗಿ ತುರುಕಿದ ಗೋಣಿಚೀಲ ಸಾಕು. ಹಕ್ಕಿ, ಮೊಲದ ಮೇಲೆ ಕೈ ನೋಡಿಕೊಳ್ಳುವ ಆಸೆ ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನೆನಪಿರಲಿ.

ಅಭ್ಯಾಸ ಮುಗಿದ ಕೂಡಲೇ ಹೆದೆ ಇಳಿಸಿ. ಬಿಲ್ಲನ್ನು ಮೂಲೆಗೆ ಒರಗಿಸಿದರೆ ಕೆಳತೋಳು ಸೊಟ್ಟಗಾಗುತ್ತದೆ, ಗೋಡೆಯ ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ಗಂಟೆಯೂ ಬಿಡಬೇಡಿ. ಕಾಲ ನಡುವೆ ತೂರಿಸಿ ಹೆದೆ ಏರಿಸುವ ಅಭ್ಯಾಸವಿದ್ದರೆ ಬಿಡಿ, ತೋಳು ತಿರುಚುತ್ತದೆ. ಎರಡೂ ತುದಿಗೆ ಚರ್ಮದ ಟೊಪ್ಪಿ ಕಟ್ಟಿದ ಹಗ್ಗವನ್ನು ಮೆಟ್ಟಿ ಏರಿಸಿ.

ಮಳೆಗಾಲದಲ್ಲಿ ತಕ್ಕಡಿ ಎರಡು ಮೂರು ಪೌಂಡ್ ಕಡಿಮೆ ತೋರಿಸಿದರೆ ಬಿಲ್ಲು ಸತ್ತಿತೆಂದು ಗಾಬರಿಯಾಗಬೇಡಿ. ಮರ ತೇವ ಕುಡಿದಿದೆ ಅಷ್ಟೇ. ಆಗ ಎಳೆತ ಕಡಿಮೆ ಮಾಡಿ, ಸ್ಕ್ರೇಪರ್ ಕೈಗೆತ್ತಿಕೊಳ್ಳಬೇಡಿ. ಫೆಬ್ರವರಿ ಹೊತ್ತಿಗೆ ಮತ್ತೆ ತೂಗಿ ನೋಡಿ.